ಹೊಳೆಯ ನೀರಿನಿಂದ ಆಕರದ ಅನುಮಾನ

ಕೌಟಿಲ್ಯನ ಅರ್ಥಶಾಸ್ತ್ರದ ದ್ವಿತೀಯಾಧಿಕರಣದಲ್ಲಿ ಆಕರಾಧ್ಯಕ್ಷನ ಕರ್ತವ್ಯಗಳನ್ನು ನಿರೂಪಿಸುವ ಅಧ್ಯಾಯವೊಂದುಂಟು. ಹಿಂದೆ ಕೆಲಸ ನಡೆದು ಪಾಳುಬಿದ್ದ ಗಣಿಯನ್ನು ಕಿಟ್ಟ, ಮೂಸೆ, ಇದ್ದಲು, ಬೂದಿ ಇವುಗಳ ಗುರುತಿನಿಂದ ಕಂಡುಕೊಳ್ಳತಕ್ಕದ್ದೆಂದೂ, ಹೊಸ ಗಣಿಯನ್ನಾದರೋ ಮಣ್ಣು ಕಲ್ಲು ರಸಗಳ ಬಣ್ಣ, ತೂಕ, ವಾಸನೆ, ರುಚಿಗಳಿಂದ ಪರೀಕ್ಷಿಸತಕ್ಕದ್ದೆಂದೂ ಅಲ್ಲಿ ವಿಧಿಸಲ್ಪಟ್ಟಿದೆ. ಬೆಟ್ಟದ ಬಿಲ, ಗುಹೆ, ತಪ್ಪಲುಗಳಿಂದ ಒಸರುವ ರಸವು ನೇರಳೆ ಮಾವು ತಾಳೆಗಳ ಹಣ್ಣಿನಂತೆಯೋ, ಅರಿಸಿನದಂತೆಯೋ, ಗಿಣಿ ನವಿಲುಗಳ ಗರಿಯಂತೆಯೋ ಬಣ್ಣವುಳ್ಳದ್ದಾಗಿ, ನುಣುಪಾಗಿಯೂ ಭಾರವಾಗಿಯೂ ಇದ್ದರೆ ಅದು ಸುವರ್ಣವನ್ನು ಸೂಚಿಸುವುದೆಂದು ಗ್ರಂಥಕಾರನ ಮತ. ಬೆಟ್ಟದ ಒಡಲಲ್ಲಿರುವುದನ್ನು ಬೆಟ್ಟವನ್ನು ಅಗೆಯದೆ, ಅದರಿಂದ ಹೊರಗೆ ಹರಿದುಬರುವ ದ್ರವದಿಂದಲೇ ತಿಳಿಯಬಹುದೆಂಬ ಭಾವನೆಯು ಇದರಲ್ಲಿ ಸ್ಪಷ್ಟವಾಗಿದೆ.

ಈ ಗ್ರಂಥವನ್ನು ಮೈಸೂರಿನ ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಅಚ್ಚುಹಾಕಿಸಿ ಪ್ರಕಟಿಸಿದಂದಿನಿಂದ ಇಂತಹ ಸ್ಥಳಗಳಿಗೆ ಎರಡು ಬಗೆಯ ಅನ್ಯಾಯವು ನಡೆಯುತ್ತ ಬಂದಿದೆ. ಇಂದಿನ ಭೂರಸಾಯನಶಾಸ್ತ್ರವೆಲ್ಲವೂ, ಅಷ್ಟೇಕೆ, ಯುರೇನಿಯಂ ಶೋಧನೆಯೂ ನಮ್ಮ ಪ್ರಾಚೀನರಿಗೆ ಕರತಲಾಮಲಕವಾಗಿತ್ತೆಂದು ಸಾರುವವರು ಒಂದು ಕಡೆ. ಇದೆಲ್ಲವೂ ರಸವಾದಿಗಳ ಕಟ್ಟುಕಥೆಯೆಂದು ತಳ್ಳಿಬಿಡುವವರು ಇನ್ನೊಂದು ಕಡೆ. ಮೊದಲಿನವರಿಗೆ ಗ್ರಂಥವೇ ಉತ್ತರ ಕೊಡುತ್ತದೆ. ಅದೇ ರಸವು ನೀರಿಗೆ ಬಿದ್ದರೆ ಎಣ್ಣೆಯಂತೆ ಹರಡುವುದೆಂದೂ, ತನಗಿಂತ ನೂರು ಪಾಲಿಗೂ ಮಿಗಿಲಾದ ತಾಮ್ರ ಬೆಳ್ಳಿಗಳನ್ನು ವೇಧಿಸುವುದೆಂದೂ ಅಲ್ಲಿ ಹೇಳಿದೆ. ಇದು ವೇಧವಿದ್ಯೆಯ ಪರಿಭಾಷೆಯೇ ಹೊರತು ಪ್ರವಾಹಪರೀಕ್ಷೆಯ ಮಾತಲ್ಲ. ಎರಡನೆಯವರಿಗೆ ಉತ್ತರವನ್ನು ಬೇರೆ ಕಡೆ ಹುಡುಕಬೇಕಾಗುತ್ತದೆ.

ಚಿನ್ನಕ್ಕೆ ಜಾಂಬೂನದವೆಂಬ ಹೆಸರುಂಟಷ್ಟೆ. ವಿಷ್ಣುಪುರಾಣದ ಪ್ರಕಾರ ಮೇರುವಿನ ಬಳಿಯ ಜಂಬೂವೃಕ್ಷದ ಹಣ್ಣಿನ ರಸವು ನದಿಯಾಗಿ ಹರಿಯುತ್ತದೆ. ಅದರ ದಡದ ಮಣ್ಣು ರಸದಲ್ಲಿ ನೆನೆದು ಗಾಳಿಗೆ ಒಣಗಿ ಚಿನ್ನವಾಗುತ್ತದೆ. ಕಥೆಯ ಅಲಂಕಾರವನ್ನು ಕಳೆದು ನೋಡಿದರೆ ಉಳಿಯುವುದು ಹೊಳೆ, ದಡದ ಕೆಸರು, ಅದರೊಳಗಿನ ಹೊನ್ನು. ಕನ್ನಡನಾಡಿನಲ್ಲಿ ಇದಕ್ಕೆ ಲೌಕಿಕ ಸಾಕ್ಷಿಯೂ ಉಂಟು. ಡಂಬಳದ ಸುತ್ತಿನ ಕಪ್ಪತಗುಡ್ಡದಿಂದ ಇಳಿಯುವ ಹಳ್ಳಗಳ ಮರಳನ್ನು ತೊಳೆದು ಚಿನ್ನದ ಕಣಗಳನ್ನು ಆರಿಸುತ್ತಿದ್ದವರಿಗೆ ಜಲಗಾರರೆಂದು ಹೆಸರು. ಭೂಗರ್ಭಶಾಸ್ತ್ರಜ್ಞನಾದ ರಾಬರ್ಟ್ ಬ್ರೂಸ್ ಫೂಟನು 1874ರಲ್ಲಿ ಆ ಬೆಟ್ಟಗಳ ಸ್ವರ್ಣಶಿಲೆಗಳನ್ನು ಕುರಿತು ಲೇಖನವನ್ನು ಪ್ರಕಟಿಸಿದನು. ಯಾವ ಹಳ್ಳದ ಮರಳಿನಲ್ಲಿ ಕಣ ಹೆಚ್ಚೋ ಆ ಹಳ್ಳದ ಮೇಲುಗಡೆಯಲ್ಲಿ ಚಿನ್ನದ ಶಿಲೆಯಿದೆಯೆಂಬುದು ಜಲಗಾರನ ಕಸುಬಿನಲ್ಲಿಯೇ ಅಡಗಿದ ಅನುಮಾನ. ಚಿನ್ನವು ನೀರಿನಲ್ಲಿ ಕರಗದು. ಭಾರವಾದುದರಿಂದ ಮರಳಿನ ತಳಕ್ಕೆ ಇಳಿಯುತ್ತದೆ. ಬಿಸಿಲಿಗೆ ಹಿಡಿದರೆ ಕಣ್ಣಿಗೆ ಕಾಣುತ್ತದೆ. ಆದುದರಿಂದ ಮರಿಗೆಯೂ ಕಣ್ಣೂ ಇದ್ದರೆ ಸಾಕಾಗುತ್ತಿತ್ತು.

ಯುರೇನಿಯಮಾದರೋ ಇದಕ್ಕೆ ತೀರ ವಿಲಕ್ಷಣವಾದ ಧಾತು. 1789ರಲ್ಲಿ ಬರ್ಲಿನ್ನಿನ ಕ್ಲಾಪ್ರೋತನು ಇದರ ಇರವನ್ನು ಕಂಡುಹಿಡಿದು, ಎಂಟು ವರ್ಷಗಳ ಹಿಂದೆಯಷ್ಟೇ ಗೋಚರಿಸಿದ್ದ ಯುರೇನಸ್ ಗ್ರಹದ ಹೆಸರನ್ನು ಇದಕ್ಕೆ ಇಟ್ಟನು. 1896ರಲ್ಲಿ ಬೆಕೆರೆಲನಿಗೆ ಇದರ ಕಿರಣಗಳು ತಿಳಿದುಬಂದುವು. 1938ರ ಕೊನೆಯಲ್ಲಿ ಇದರ ಪರಮಾಣುವು ಒಡೆಯುವುದೆಂದು ಗೊತ್ತಾದ ಮೇಲೆ ರಾಜ್ಯಗಳೆಲ್ಲವೂ ಇದನ್ನು ಹುಡುಕತೊಡಗಿದುವು. ಭೂಮಿಯ ತೊಗಟೆಯಲ್ಲಿ ಇದರ ಸರಾಸರಿ ಅಂಶವು ಹತ್ತು ಲಕ್ಷಕ್ಕೆ ಮೂರು ಪಾಲಿಗಿಂತ ಕಡಿಮೆ. ಕಿರಣಗಳನ್ನು ಹಿಡಿಯುವ ಯಂತ್ರವನ್ನು ವಿಮಾನದಲ್ಲಿಟ್ಟು ನೆಲದ ಮೇಲೆ ಹಾರಿಸುವ ಕ್ರಮವು ಪ್ರಸಿದ್ಧವಾಗಿದೆ. ಆದರೆ ಸುಮಾರು ಒಂದು ಮೊಳಕ್ಕಿಂತ ಹೆಚ್ಚು ಮಣ್ಣು ಮುಚ್ಚಿದ್ದರೆ ಆ ಯಂತ್ರಕ್ಕೆ ಕೆಳಗಿನ ಅದಿರು ಕಾಣದು. ಒಳಗಿನದನ್ನು ನೀರು ಹೊರಗೆ ತರಬಲ್ಲುದು.

ಇಲ್ಲಿ ಧಾತುವಿನ ಸ್ವಭಾವವನ್ನು ಕೊಂಚ ವಿಸ್ತಾರವಾಗಿ ನೋಡತಕ್ಕದ್ದು. ಅದಿರಿನಲ್ಲಿ ಯುರೇನಿಯಮು ಬಹುಮಟ್ಟಿಗೆ ಕರಗದ ಸ್ಥಿತಿಯಲ್ಲಿರುತ್ತದೆ. ಗಾಳಿ ಬೆರೆತ ಮಳೆನೀರು ಬಿರುಕುಗಳಲ್ಲಿ ಇಳಿದು ಮುಟ್ಟಿದಾಗ ಆಮ್ಲಜನಕದ ಸಂಗದಿಂದ ಅದು ಕರಗುವ ಸ್ಥಿತಿಯನ್ನು ಪಡೆಯುತ್ತದೆ. ನೀರಿನಲ್ಲಿ ಕಾರ್ಬೊನೇಟು ಇದ್ದರೆ ಅದರೊಡನೆ ಕೂಡಿ ಬಹುದೂರ ಪ್ರಯಾಣಮಾಡುತ್ತದೆ. ಎಲೆ ಬೇರುಗಳು ಕೊಳೆತು ಆಮ್ಲಜನಕವು ತೀರಿಹೋದ ಕೆಸರನ್ನು ಹೊಕ್ಕೊಡನೆ ಪುನಃ ಕರಗದ ರೂಪವನ್ನು ತಳೆದು ಅಲ್ಲಿಯೇ ನಿಲ್ಲುತ್ತದೆ. ಕಬ್ಬಿಣದ ತುಕ್ಕಿನಂತಹ ಮಣ್ಣಿಗೂ ಅಂಟಿಕೊಳ್ಳುತ್ತದೆ. ಹೀಗೆ ಒಂದೇ ಧಾತು ಒಂದೆಡೆ ನೀರಿನಲ್ಲಿ, ಇನ್ನೊಂದೆಡೆ ಕೆಸರಿನಲ್ಲಿ ಇರುವುದರಿಂದ ಎರಡನ್ನೂ ಪ್ರಶ್ನಿಸಬೇಕಾಗುತ್ತದೆ. ಕೌಟಿಲ್ಯನು ಹೇಳಿದ ಬಣ್ಣ, ವಾಸನೆ, ರುಚಿಗಳೊಂದೂ ಈ ನೀರಿನಲ್ಲಿ ಇರುವುದಿಲ್ಲ. ಲೀಟರಿಗೆ ಒಂದು ಗ್ರಾಮಿನ ಹತ್ತು ಲಕ್ಷದಲ್ಲಿ ಕೆಲವೇ ಪಾಲಿನಷ್ಟು ಇರುವ ವಸ್ತುವನ್ನು ಯಾವ ನಾಲಗೆ ತಾನೇ ಅರಿಯಬಲ್ಲುದು?

ಹೊಳೆಯ ಕೆಸರಿನಿಂದ ಲೋಹವನ್ನು ಹುಡುಕುವ ವಿದ್ಯೆಯು 1930ರ ದಶಕದಲ್ಲಿ ರಷ್ಯಾದೇಶದಲ್ಲಿ, ವೆರ್ನಾಡ್ಸ್ಕಿ, ಫೆರ್ಸ್‌ಮನ್ನರು ಹಾಕಿದ ತಳಹದಿಯ ಮೇಲೆ ಬೆಳೆಯಿತು. ಹಾಕ್ಸ್ ಮತ್ತು ವೆಬ್ ಎಂಬ ವಿದ್ವಾಂಸರು 1962ರಲ್ಲಿ ಅದನ್ನು ಗ್ರಂಥರೂಪದಲ್ಲಿ ವ್ಯವಸ್ಥೆಗೊಳಿಸಿದರು. ಯುರೇನಿಯಮಿಗಾಗಿ ಅದನ್ನು ಅತ್ಯಂತ ವಿಶಾಲವಾಗಿ ಪ್ರಯೋಗಿಸಿದ ದೇಶಗಳಲ್ಲಿ ಅಮೆರಿಕದ ಸಂಯುಕ್ತ ಸಂಸ್ಥಾನವು ಮುಖ್ಯವಾದುದು. 1970ರ ದಶಕದಲ್ಲಿ ಅಲ್ಲಿನ ಸರ್ಕಾರವು ರಾಷ್ಟ್ರೀಯ ಯುರೇನಿಯಂ ಸಂಪನ್ಮೂಲ ನಿರ್ಧಾರವೆಂಬ ಯೋಜನೆಯನ್ನು ಕೈಗೊಂಡು, ಅದರ ಅಂಗವಾಗಿ ನೀರು ಮತ್ತು ಪ್ರವಾಹದ ಕೆಸರುಗಳ ಸಮೀಕ್ಷೆಯನ್ನು ಲಾಸ್ ಅಲಮೋಸ್, ಲಿವರ್ಮೋರ್, ಓಕ್ ರಿಡ್ಜ್, ಸವಾನಾ ರಿವರ್ ಎಂಬ ನಾಲ್ಕು ಪ್ರಯೋಗಶಾಲೆಗಳಿಗೆ ಹಂಚಿಕೊಟ್ಟಿತು. ಪರಮಾಣ್ವಸ್ತ್ರವು ಹುಟ್ಟಿದ ಲಾಸ್ ಅಲಮೋಸಿನವರೇ ಬೆಟ್ಟದ ಹಳ್ಳಗಳಲ್ಲಿ ಕೆಸರನ್ನು ಶೇಖರಿಸಲು ಹೊರಟುದು ವಿಚಿತ್ರವೇ ಸರಿ. ಅವರ ಪಾಲಿಗೆ ನ್ಯೂ ಮೆಕ್ಸಿಕೋ, ಕೊಲರಾಡೋ, ವಯೋಮಿಂಗ್, ಮೊಂಟಾನಾ, ಅಲಾಸ್ಕಾಗಳು ಬಂದಿದ್ದುವು.

ಅವರ ಕ್ರಮವು ಹೀಗಿದ್ದಿತು. ಸಾಮಾನ್ಯವಾಗಿ 10 ಚದರ ಕಿಲೋಮೀಟರಿಗೆ ಒಂದರಂತೆ ಸ್ಥಳಗಳನ್ನು ಆರಿಸುವರು. ಒಂದು ಸಣ್ಣ ಹಳ್ಳದ ಕೆಸರು ತನ್ನ ಮೇಲುಗಡೆಯ ಜಲಾನಯನ ಪ್ರದೇಶವೆಲ್ಲಕ್ಕೂ ಪ್ರತಿನಿಧಿ. ದೊಡ್ಡ ನದಿಯ ಕೆಸರಾದರೋ ಹಲವು ಬೆಟ್ಟಗಳ ಮಾತು ಕೂಡಿಹೋದ ಗದ್ದಲ. ಆದುದರಿಂದ ಸಣ್ಣ ಹಳ್ಳಗಳಿಗೇ ಪ್ರಾಶಸ್ತ್ಯ. ಕುಸಿದ ದಡದ ಮಣ್ಣನ್ನು ಬಿಟ್ಟು, ಹರಿವಿನ ನಡುವೆ ನಿಂತ ನಯವಾದ ಕೆಸರನ್ನು ತೆಗೆದು ಒಣಗಿಸಿ, ಸಣ್ಣ ಕಣ್ಣಿನ ಜರಡಿ ಹಿಡಿಯುವರು. ನೀರನ್ನು ಸೋಸಿ, ಧಾತುವು ಸೀಸೆಯ ಗೋಡೆಗೆ ಅಂಟದಂತೆ ಆಮ್ಲ ಬೆರೆಸಿ ಇಡುವರು. ಆ ಸ್ಥಳದಲ್ಲಿಯೇ ನೀರಿನ ಆಮ್ಲತೆಯನ್ನೂ ವಿದ್ಯುದ್ವಾಹಕತೆಯನ್ನೂ ಅಳೆದು ಬರೆಯುವರು. ಕೆಸರನ್ನು ಪರಮಾಣು ಸ್ಥಾವರದಲ್ಲಿ ನ್ಯೂಟ್ರಾನುಗಳಿಗೆ ಒಡ್ಡಿದಾಗ ಒಳಗಿನ ಯುರೇನಿಯಮು ಸ್ವಲ್ಪ ಒಡೆಯುತ್ತದೆ. ಆಗ ಕ್ಷಣಕಾಲ ತಡವಾಗಿ ಹೊರಬೀಳುವ ನ್ಯೂಟ್ರಾನುಗಳನ್ನು ಎಣಿಸಿ ಪ್ರಮಾಣವನ್ನು ಗೊತ್ತುಮಾಡುವರು.

ಸಂಖ್ಯೆ ಕೈಗೆ ಬಂದ ಮೇಲೆಯೇ ನಿಜವಾದ ಕಷ್ಟ. ಇಲ್ಲಿ ನಮ್ಮ ನ್ಯಾಯಶಾಸ್ತ್ರದ ಪರಿಭಾಷೆಯು ಎಷ್ಟು ಚೆನ್ನಾಗಿ ಒಪ್ಪುತ್ತದೆಯೆಂಬುದನ್ನು ವಿದ್ವಾಂಸರು ಗಮನಿಸಬಹುದು. ಬೆಟ್ಟದ ಹೊಗೆಯಿಂದ ಬೆಂಕಿಯನ್ನು ಊಹಿಸುವಂತೆ ಹಳ್ಳದ ಯುರೇನಿಯಮಿನಿಂದ ಮೇಲಿನ ಅದಿರನ್ನು ಊಹಿಸುವುದು ಅನುಮಾನವೇ. ಆದರೆ ಹೇತುವಿಗೆ ವ್ಯಾಪ್ತಿಯಿದೆಯೆ? ಜೌಗುನೆಲದ ಕೊಳೆತ ಕೆಸರು ಎಲ್ಲಿಂದಲೋ ಬಂದ ಅಲ್ಪ ಯುರೇನಿಯಮನ್ನು ಯುಗಗಟ್ಟಲೆ ಕೂಡಿಹಾಕಿ ಅದಿರಿಲ್ಲದ ಕಡೆಯೂ ದೊಡ್ಡ ಸಂಖ್ಯೆಯನ್ನು ತೋರಿಸಬಲ್ಲುದು. ಬಿಸಿಲಿಗೆ ನೀರು ಆವಿಯಾದರೆ ಉಳಿದುದರಲ್ಲಿ ಅಂಶ ಹೆಚ್ಚುತ್ತದೆ. ಮೋನಜೈಟ್, ಜಿರ್ಕಾನ್ ಮೊದಲಾದ ಗಡಸು ಖನಿಜಗಳು ಯುರೇನಿಯಮನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಮರಳಿನಲ್ಲಿ ಸೇರಿಬರುತ್ತವೆ. ಬೆಣಚು ಬೆರೆತ ಕೆಲವು ಗ್ರಾನೈಟುಗಳಲ್ಲಿ ಸಹಜವಾಗಿಯೇ ಅಂಶ ಹೆಚ್ಚು. ಇವೆಲ್ಲವೂ ಸವ್ಯಭಿಚಾರ ಹೇತುಗಳು. ಇವುಗಳನ್ನು ಕಳೆಯುವುದಕ್ಕಾಗಿಯೇ ಆಮ್ಲತೆ, ಕಬ್ಬಿಣ, ಥೋರಿಯಂ ಮೊದಲಾದವನ್ನೂ ಅಳೆಯುವುದು. ಥೋರಿಯಮು ನೀರಿನಲ್ಲಿ ಕರಗುವುದು ಅತ್ಯಲ್ಪ. ಅದೂ ಯುರೇನಿಯಮೂ ಕೆಸರಿನಲ್ಲಿ ಜೊತೆಯಾಗಿ ಏರಿದರೆ ಗಡಸು ಖನಿಜದ ಸಂಶಯ, ಯುರೇನಿಯಮೊಂದೇ ಏರಿದರೆ ನೀರಿನಲ್ಲಿ ಬಂದುದೆಂಬ ಬಲವಾದ ತರ್ಕ. ತರ್ಕದ ವಿಷಯದಲ್ಲಿ ಪ್ರಾಚೀನರು ಹಿಂದುಳಿದವರಲ್ಲ. ಅವರಿಗೆ ಕೊರತೆಯಾಗಿದ್ದುದು ತುಲೆಯ ಸೂಕ್ಷ್ಮತೆ.

1979ರ ತ್ರೀ ಮೈಲ್ ಐಲೆಂಡ್ ದುರ್ಘಟನೆಯಾದ ಮೇಲೆ ಯುರೇನಿಯಮಿನ ಬೆಲೆ ಕುಸಿದು, 1980ರ ದಶಕದ ಮೊದಲಲ್ಲಿ ಅಮೆರಿಕದ ಆ ಸಮೀಕ್ಷೆಯು ದೇಶವನ್ನು ಪೂರ್ತಿಯಾಗಿ ಸುತ್ತುವ ಮೊದಲೇ ನಿಂತುಹೋಯಿತು. ಆದರೆ ಕೆಸರಿನ ಪೊಟ್ಟಣಗಳನ್ನು ಎಸೆಯಲಿಲ್ಲ. ಅಲ್ಲಿನ ಭೂವೈಜ್ಞಾನಿಕ ಇಲಾಖೆಯು ಅವುಗಳನ್ನು ಕಾಪಾಡಿ, ಮುಂದೆ ಅವುಗಳಲ್ಲಿ ಅನೇಕವನ್ನು ಆರ್ಸೆನಿಕ್, ಸೀಸ ಮೊದಲಾದ ಬೇರೆ ಧಾತುಗಳಿಗಾಗಿ ಪುನಃ ಪರೀಕ್ಷೆ ಮಾಡಿಸಿತು. ಗಣಿಗಾಗಿ ತೆಗೆದ ಕೆಸರು ನೆಲದ ಆರೋಗ್ಯವನ್ನು ಹೇಳುವ ದಾಖಲೆಯಾಯಿತು.

ನೀರಿನ ವಿಷಯದಲ್ಲಿಯೂ ಹಾಗೆಯೇ. ಭಾರತದಲ್ಲಿ 1949ರಲ್ಲಿ ವಿರಳ ಖನಿಜಗಳ ಸಮೀಕ್ಷೆಗಾಗಿ ಘಟಕವೊಂದು ಹುಟ್ಟಿ, 1951ರಲ್ಲಿ ಸಿಂಗಭೂಮದ ಜಾದುಗುಡದಲ್ಲಿ ಯುರೇನಿಯಂ ಅದಿರು ದೊರೆತ ಕಾಲದಲ್ಲಿ ನೀರಿನ ಯುರೇನಿಯಮೆಂದರೆ ಅದಿರಿನ ಸುಳಿವು ಮಾತ್ರ. ಈಗ ಕೋಲಾರ ಮೊದಲಾದ ಪೂರ್ವ ಕರ್ನಾಟಕದ ಜಿಲ್ಲೆಗಳಲ್ಲಿ ಆಳವಾದ ಕೊಳವೆಬಾವಿಗಳ ನೀರನ್ನು ಅದೇ ಧಾತುವಿಗಾಗಿ ಅಳೆಯುತ್ತಿದ್ದಾರೆ. ಹಲವೆಡೆ ಅದು ಮಿತಿಮೀರಿರುವುದು ಕಂಡುಬಂದಿದೆ. ಮೂತ್ರಪಿಂಡಗಳಿಗೆ ಅದರಿಂದಾಗುವ ಹಾನಿಯನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆಯು 2011ರಲ್ಲಿ ಕುಡಿಯುವ ನೀರಿಗೆ ಲೀಟರಿಗೆ 30 ಮೈಕ್ರೋಗ್ರಾಮಿನ ಮಿತಿಯನ್ನು ತಾತ್ಕಾಲಿಕವಾಗಿ ಸೂಚಿಸಿದೆ. ಆ ನೀರಿಗೂ ಬಣ್ಣವಿಲ್ಲ, ವಾಸನೆಯಿಲ್ಲ. ಕುಡಿಯುವವರು ಅದನ್ನು ಸಿಹಿನೀರೆಂದೇ ಕರೆಯಬಹುದು.