ಯಾರ ಜಮೀನು, ಯಾರ ನಕ್ಷೆ?



ದೇವನಹಳ್ಳಿ ಕಡೆ ಬಿಸಿನೆಸ್ ಪಾರ್ಕು, ಏರೋಸ್ಪೇಸ್ ಪಾರ್ಕು ಅಂತ ಬೆಂಗಳೂರು ಬೆಳೀತಾನೇ ಇದೆ. ಅದರ ಬಿಸಿ ನಮ್ಮ ಕೆಂಚಾರ್ಲಹಳ್ಳಿ ಕಡೆಗೂ ತಟ್ಟುತ್ತೆ. ಅದಕ್ಕೇ ಆ ಊರಿನ ನಕ್ಷೆಯ ಚರಿತ್ರೆ ಸ್ವಲ್ಪ ಹೇಳ್ತೀನಿ, ಓದಿ.

1537ರಲ್ಲಿ ಕೆಂಪೇಗೌಡರು ಪೇಟೆ ಕಟ್ಟಿದರು. ಅಕ್ಕಿಪೇಟೆ, ಅರಳೆಪೇಟೆ, ಕುಂಬಾರಪೇಟೆ, ಗಾಣಿಗರಪೇಟೆ, ನಗರ್ತಪೇಟೆ ಅಂತ ಸರಕು, ಕಸುಬು, ಜಾತಿ ಹೆಸರಲ್ಲೇ ಬೀದಿಗಳು ಬೆಳೆದವು. ದುಡ್ಡಿನ ವ್ಯವಹಾರವೆಲ್ಲ ನಡೆದಿದ್ದು ಅಲ್ಲೇ. ಚರ್ಮ ಹದ ಮಾಡಿದೋರ, ಬೀದಿ ಗುಡಿಸಿದೋರ ಹೆಸರು ಯಾವ ಪೇಟೆಗೆ ಇಟ್ಟರು?

1898ರಲ್ಲಿ ಪ್ಲೇಗು ಬಂತು. ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಹುಟ್ಟಿದವು. ಅಗಲ ರಸ್ತೆ, ಗಾಳಿ ಬೆಳಕು, ಅಳತೆ ಮಾಡಿದ ಸೈಟು. ಆರೋಗ್ಯದ ಹೆಸರಲ್ಲಿ ಬಂದ ಪ್ಲಾನು. ಆದರೆ ಬಸವನಗುಡಿಯ ಬ್ಲಾಕು ಹಂಚಿದ್ದು ಜಾತಿ, ಧರ್ಮದ ಲೆಕ್ಕದಲ್ಲಿ.

1913ರಲ್ಲಿ ಮೈಸೂರು ಬ್ಯಾಂಕು ಶುರುವಾಯ್ತು. ಮೈಸೂರು ಬ್ಯಾಂಕ್ ಸರ್ಕಲ್ಲಿಗೆ ಹೆಸರು ಬಂದಿದ್ದು ಅದರಿಂದಲೇ. ಬ್ಯಾಂಕು ಸಾಲ ಕೊಡೋಕೆ ಆಸ್ತಿ ಪತ್ರ ಕೇಳುತ್ತೆ. ಆಸ್ತಿಯೇ ಇಲ್ಲದೋರು ಏನು ತೋರಿಸಬೇಕು?

ನಮ್ಮೋರ ಕೈಗೆ ಪತ್ರ ಬಂದಿದ್ದು ಸರ್ಕಾರ ಮಂಜೂರು ಮಾಡಿದ ತುಂಡು ಜಮೀನಿನಿಂದ. ಅದನ್ನೂ ಕುಡಿತದ ಸಾಲಕ್ಕೋ ಮದುವೆ ಸಾಲಕ್ಕೋ ಬರೆಸಿಕೊಂಡರು. ದೇವರಾಜ ಅರಸು ಕಾಲದಲ್ಲಿ, 1978ರ ಪಿಟಿಸಿಎಲ್ ಕಾಯ್ದೆ ಬಂತು. ಮಂಜೂರಾದ ಜಮೀನು ಸರ್ಕಾರದ ಅನುಮತಿ ಇಲ್ಲದೆ ಪರಭಾರೆ ಆಗೋ ಹಾಗಿಲ್ಲ, ಆದರೆ ವಾಪಸ್ ಕೊಡಿಸಬೇಕು ಅಂತ. 2017ರಲ್ಲಿ ಸುಪ್ರೀಂ ಕೋರ್ಟು, ತಡವಾಗಿ ಬಂದ ಅರ್ಜಿ ನಡೆಯಲ್ಲ ಅಂದಿತು. ಹೋರಾಟ ನಡೀತು. 2023ರ ತಿದ್ದುಪಡಿಯಲ್ಲಿ ಆ ಕಾಲಮಿತಿ ತೆಗೆದರು.

ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿ ನೋಡಿ. 13 ಹಳ್ಳಿ, 1,777 ಎಕರೆ ಕೆಐಎಡಿಬಿ ನಕ್ಷೆಗೆ ಬಿತ್ತು. ರೈತರು, ದಲಿತರು ಮೂರು ವರ್ಷಕ್ಕೂ ಮೇಲೆ ಧರಣಿ ಕೂತರು. 2025ರ ಜುಲೈ 15ರಂದು ಸ್ವಾಧೀನ ಕೈಬಿಡ್ತೀವಿ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಬೇಕಾಯ್ತು. ನಕ್ಷೆ ಬರೆದೋರೇ ಅಳಿಸಿದರು, ಜನ ಕೂತಿದ್ದಕ್ಕೆ.

ನಾನು ಆಫೀಸಲ್ಲಿ ಫೈಲು ನೋಡೋ ಗುಮಾಸ್ತ. ಕಾಗದ ಇಲ್ಲದೋರ ಮಾತು ಟೇಬಲ್ಲಿನ ಆ ಕಡೆಗೆ ಕೇಳಿಸಲ್ಲ ಅನ್ನೋದು ದಿನಾ ನೋಡ್ತೀನಿ. ಅಪ್ಪ, ತಾತನ ಸಾಗುವಳಿ ಚೀಟಿ, ಮಂಜೂರಾತಿ ಆದೇಶ ಹುಡುಕಿ. ಪಹಣಿ ತೆಗೆಸಿ, ಹೆಸರು ನೋಡಿ. ಪರಭಾರೆ ಆಗಿದ್ರೆ ಉಪವಿಭಾಗಾಧಿಕಾರಿಗೆ ಅರ್ಜಿ ಕೊಡಿ. ಮುಂದಿನ ನಕ್ಷೆ ನಮ್ಮ ಹೋಬಳಿಗೆ ಬರೋಕೆ ಮುಂಚೆನೇ ಮಾಡಿ.

ಜೈ ಭೀಮ್.