ರಜೆ ಹಾಕಿ ಹೋದವರು ಏನು ತಂದರು?

ಫಾರಿನ್ ಟೂರ್‌ನ ಮೊದಲ ದಿನ ಹೇಗಿರುತ್ತೆ ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಏರ್‌ಪೋರ್ಟಿನಲ್ಲಿ ಒಂದು ಸೆಲ್ಫಿ. ಹೋಟೆಲ್ ರೂಮಿನಲ್ಲಿ ಸೂಟ್‌ಕೇಸ್ ಇಟ್ಟು, ಸಂಜೆಗೆ ಎತ್ತರದ ಕಟ್ಟಡದ ಮುಂದೆ ಇನ್ನೊಂದು ಸೆಲ್ಫಿ. ಆಮೇಲೆ ಅನ್ನ-ಸಾರು ಎಲ್ಲಿ ಸಿಗುತ್ತೆ ಅಂತ ಹುಡುಕಾಟ. ತಪ್ಪೇನಿಲ್ಲ ಬಿಡಿ. ದುಡಿದ ದುಡ್ಡು, ಕಷ್ಟಪಟ್ಟು ಸಿಕ್ಕ ರಜೆ. ಆದರೆ ಹೀಗೇ ರಜೆ ಹಾಕಿ ಹೊರದೇಶಕ್ಕೆ ಹೋದ ಒಬ್ಬ ಕನ್ನಡಿಗರ ಕಥೆ ಇವತ್ತು ಹೇಳಬೇಕು. ಅದರ ಕೊನೆ ಇರುವುದು ಭದ್ರಾವತಿಯಲ್ಲಿ.

ವರ್ಷ 1898. ಮುಂಬೈ ಪ್ರಾಂತ್ಯದಲ್ಲಿ ಎಂಜಿನಿಯರ್ ಆಗಿದ್ದ ಮೋಕ್ಷಗುಂಡಂ ವಿಶ್ವೇಶ್ವರಯ್ಯ ರಜೆ ತಗೊಂಡು ಹಡಗು ಹತ್ತಿದರು. ಸಮುದ್ರ ದಾಟಿದರೆ ಜಾತಿ ಕೆಡುತ್ತೆ ಅನ್ನುವವರಿದ್ದ ಕಾಲ. ದಾಟಿದವರೂ ಸಾಮಾನ್ಯವಾಗಿ ನೋಡುತ್ತಿದ್ದದ್ದು ಲಂಡನ್ ಕಡೆಗೆ. ಇವರು ಹೊರಟಿದ್ದು ಜಪಾನಿಗೆ!

ಆಗ ಟೋಕಿಯೋಗೆ ಹೋಗುವವರು ಸಾಮಾನ್ಯವಾಗಿ ಯೊಕೊಹಾಮಾದಲ್ಲಿ ಹಡಗು ಇಳಿಯುತ್ತಿದ್ದರು. ಅಲ್ಲಿಂದ ರೈಲು. ಅದು ಜಪಾನಿನ ಮೊಟ್ಟಮೊದಲ ರೈಲು ಮಾರ್ಗ, 1872ರಲ್ಲಿ ಶುರುವಾದದ್ದು. ಈಗ ಒಂದು ಲೆಕ್ಕ ಹಾಕಿ. ನಮ್ಮಲ್ಲಿ ಮುಂಬೈ-ಠಾಣೆ ರೈಲು ಓಡಿದ್ದು 1853ರಲ್ಲಿ. ಅಂದರೆ ಜಪಾನಿಗಿಂತ 19 ವರ್ಷ ಮುಂಚೆ. ಹಾಗಾದರೆ ನಾವು ಹಿಂದೆ ಬಿದ್ದದ್ದು ಯಾಕೆ ಸ್ವಾಮಿ?

ಉತ್ತರ ಕಷ್ಟದ್ದಲ್ಲ. ನಮ್ಮ ರೈಲು ಆಳುವವರ ಲಾಭಕ್ಕೆ ಬಂತು. ಜಪಾನ್ ಮಾತ್ರ ಬ್ರಿಟಿಷ್ ಎಂಜಿನಿಯರುಗಳನ್ನು ಸಂಬಳ ಕೊಟ್ಟು ಕರೆಸಿತು, ಅವರಿಂದ ಕಲಿಯಿತು, ಕಲಿತ ಮೇಲೆ ವಾಪಸ್ ಕಳಿಸಿತು. 1893ರಲ್ಲೇ ತನ್ನ ನೆಲದಲ್ಲಿ ರೈಲು ಎಂಜಿನ್ ತಯಾರಿಸಿತು. ವಿಶ್ವೇಶ್ವರಯ್ಯ ಹೋದಾಗ ಯವಾಟದಲ್ಲಿ ಸರ್ಕಾರಿ ಉಕ್ಕಿನ ಕಾರ್ಖಾನೆಯ ಕೆಲಸ ನಡೀತಿತ್ತು. 1901ರಲ್ಲಿ ಅದು ಉತ್ಪಾದನೆಯನ್ನೂ ಶುರುಮಾಡಿತು.

ಅವರು ಮೈಸೂರಿನ ದಿವಾನರಾದದ್ದು 1912ರಲ್ಲಿ. ಅವರ ಕಾಲದಲ್ಲೇ ಮೈಸೂರು ಸರ್ಕಾರ ಭದ್ರಾ ನದಿ ದಂಡೆಯ ಬೆಂಕಿಪುರದಲ್ಲಿ, ಅಂದರೆ ಇವತ್ತಿನ ಭದ್ರಾವತಿಯಲ್ಲಿ, ಕಬ್ಬಿಣದ ಕಾರ್ಖಾನೆಗೆ ಕೈ ಹಾಕಿತು. ಕೆಮ್ಮಣ್ಣುಗುಂಡಿಯಿಂದ ಅದಿರು, ಮಲೆನಾಡಿನ ಕಾಡಿನಿಂದ ಸೌದೆ. ನಮ್ಮ ಹತ್ತಿರ ಕಲ್ಲಿದ್ದಲು ಇರಲಿಲ್ಲ, ಹಾಗಾಗಿ ಸೌದೆ ಸುಟ್ಟ ಇದ್ದಿಲಿನಿಂದಲೇ ಅದಿರು ಕರಗಿಸಿದರು. ಅದಕ್ಕೆ ಕಾಡು ತೆತ್ತ ಬೆಲೆಯನ್ನೂ ಮರೆಯಬಾರದು.

1923ರ ಜನವರಿಯಲ್ಲಿ ಕಬ್ಬಿಣ ಹರಿಯಿತು. ಆದರೆ ಮಹಾಯುದ್ಧ ಮುಗಿದು ಬೆಲೆ ಕುಸಿದಿತ್ತು. ನಷ್ಟ, ಟೀಕೆ, ಗೇಲಿ! ಆಗ ಅಧ್ಯಕ್ಷರಾಗಿ ಬಂದವರು ಅದೇ ವಿಶ್ವೇಶ್ವರಯ್ಯ. ದಿವಾನಗಿರಿ ಬಿಟ್ಟು ನಾಲ್ಕು ವರ್ಷ ಆಗಿತ್ತು. ಆ ಕೆಲಸಕ್ಕೆ ತಮಗೆ ಬರಬೇಕಾದ ಸಂಬಳವನ್ನು ಕೈಯಲ್ಲಿ ಮುಟ್ಟಲಿಲ್ಲ. ಹುಡುಗರಿಗೆ ಕಸುಬು ಕಲಿಸುವ ಶಾಲೆ ಕಟ್ಟಿ ಅಂದರು. ಬೆಂಗಳೂರಿನಲ್ಲಿ ಜಯಚಾಮರಾಜೇಂದ್ರ ಹೆಸರಿನ ಸಂಸ್ಥೆ ಬಂದದ್ದು ಹಾಗೆ.

ಈಗ 2023ಕ್ಕೆ ಬನ್ನಿ. ಜನವರಿಯಲ್ಲಿ, ಮೊದಲ ಕಬ್ಬಿಣ ಹರಿದು ಸರಿಯಾಗಿ ನೂರು ವರ್ಷಕ್ಕೆ, ಭದ್ರಾವತಿ ಕಾರ್ಖಾನೆ ಮುಚ್ಚುತ್ತಾರೆ ಅನ್ನೋ ಸುದ್ದಿ ಬಂತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಪಕ್ಕದ ಕಾಗದ ಕಾರ್ಖಾನೆ 2015ರಲ್ಲೇ ನಿಂತುಹೋಗಿತ್ತು. ಮರುತಿಂಗಳು, ಫೆಬ್ರವರಿ 27ಕ್ಕೆ, ಅಲ್ಲಿಗೆ ಹತ್ತಿರದಲ್ಲೇ ಸೋಗಾನೆಯಲ್ಲಿ ಶಿವಮೊಗ್ಗ ವಿಮಾನ ನಿಲ್ದಾಣದ ಉದ್ಘಾಟನೆ. ಒಂದು ಕಡೆ ಆರುತ್ತಿರುವ ಕುಲುಮೆ, ಇನ್ನೊಂದು ಕಡೆ ಹೊಳೆಯುವ ರನ್‌ವೇ.

ನಾನು ವಿಮಾನ ನಿಲ್ದಾಣದ ವಿರೋಧಿ ಅಲ್ಲ. ಮಲೆನಾಡಿಗೆ ಅದು ಬೇಕಿತ್ತು. ನನ್ನ ಪ್ರಶ್ನೆ ಬೇರೆ. ಭದ್ರಾವತಿಯ ಹುಡುಗ ಅಲ್ಲಿಂದ ವಿಮಾನ ಹತ್ತುವುದು ಊರು ನೋಡಿಬರೋದಕ್ಕಾ, ಊರು ಬಿಟ್ಟು ಹೋಗೋದಕ್ಕಾ? ಕುಲುಮೆ ಉಳಿಸುವ ಯೋಗ್ಯತೆ ಇಲ್ಲದ ರಾಜಕಾರಣ, ವಿಶ್ವೇಶ್ವರಯ್ಯನವರ ಪ್ರತಿಮೆಗೆ ಹಾರ ಹಾಕಿ ಪ್ರಯೋಜನವೇನು?

ನೀವು ಹೋಗಿಬನ್ನಿ. ಟೋಕಿಯೋ ನೋಡಿ, ಸಿಂಗಾಪುರ ನೋಡಿ, ಫೋಟೋನೂ ತೆಗೀರಿ. ಮೊದಲ ದಿನವೇ ಒಂದು ಪ್ರಶ್ನೆ ಮಾತ್ರ ಕೇಳಿಕೊಳ್ಳಿ: ಇದು ನಮ್ಮೂರಲ್ಲಿ ಯಾಕಿಲ್ಲ? ವಾಪಸ್ ಬಂದ ಮೇಲೆ ಅದೇ ಪ್ರಶ್ನೆಯನ್ನ ನಿಮ್ಮ ಎಂಎಲ್‌ಎಗೆ, ಎಂಪಿಗೆ ಕೇಳಿ. ಅವರು ಉತ್ತರ ಕೊಡೋವರೆಗೂ ಬಿಡಬೇಡಿ.