ದೇಶನೂರು ಕಾಲುವೆ ಮತ್ತು ಸಿಚುವಾನಿನ ನಂಟು

2013ರ ಅಕ್ಟೋಬರ್ 23ರಂದು ಬೀಜಿಂಗಿನಲ್ಲಿ, ಭಾರತ ಮತ್ತು ಚೀನಾ ಪ್ರಧಾನಿಗಳ ಸಮ್ಮುಖದಲ್ಲಿ, ಬೆಂಗಳೂರು ಮತ್ತು ಚೆಂಗ್ಡು ಸೋದರ ನಗರಗಳಾದವು. ಸೋದರ ನಗರವೆಂದರೆ ವಾಣಿಜ್ಯ, ಶಿಕ್ಷಣ, ಸಂಸ್ಕೃತಿಗಳ ವಿನಿಮಯಕ್ಕಾಗಿ ಎರಡು ದೇಶಗಳ ಊರುಗಳು ಒಪ್ಪಂದದ ಮೂಲಕ ಬೆಳೆಸಿಕೊಳ್ಳುವ ನಂಟು. 2015ರ ಮೇ ತಿಂಗಳಲ್ಲಿ ಕರ್ನಾಟಕವೂ ಚೆಂಗ್ಡುವನ್ನು ರಾಜಧಾನಿಯಾಗಿ ಉಳ್ಳ ಸಿಚುವಾನ್ ಪ್ರಾಂತ್ಯವೂ ಇಂಥದೇ ಒಪ್ಪಂದ ಮಾಡಿಕೊಂಡುದರಿಂದ, ಸಿರುಗುಪ್ಪ ತಾಲ್ಲೂಕಿನ ದೇಶನೂರು ಕೂಡ, ಕಾಗದದ ಮೇಲಾದರೂ, ಆ ನಂಟಿನ ಒಳಗೆ ಬಂದಿತು.

ಚೆಂಗ್ಡು ಬಯಲಿನ ಭತ್ತಕ್ಕೆ ನೀರುಣಿಸುವುದು ಕ್ರಿಸ್ತಪೂರ್ವ ಮೂರನೆಯ ಶತಮಾನದಲ್ಲಿ ಲಿ ಬಿಂಗ್ ಎಂಬ ಅಧಿಕಾರಿ ಕಟ್ಟಿಸಿದ ದುಜಿಯಾಂಗ್ಯಾನ್. ಅಲ್ಲಿ ನದಿಗೆ ಅಡ್ಡಲಾಗಿ ಅಣೆಕಟ್ಟು ಕಟ್ಟಲಿಲ್ಲ. ಮಿನ್ ನದಿಯ ನಡುವೆ ಮೀನಿನ ಬಾಯಿಯಾಕಾರದ ಒಡ್ಡು ಹಾಕಿ ಪ್ರವಾಹವನ್ನು ಎರಡಾಗಿ ಸೀಳಿ, ಒಂದು ಕವಲನ್ನು ಗುಡ್ಡ ಕಡಿದು ಮಾಡಿದ ಕಂಡಿಯ ಮೂಲಕ ಬಯಲಿಗೆ ಹರಿಸಿ, ಹೆಚ್ಚಿನ ನೀರೂ ಹೂಳೂ ಮತ್ತೆ ನದಿಗೇ ಮರಳುವಂತೆ ಏರ್ಪಡಿಸಲಾಯಿತು. ತುಂಗಭದ್ರೆಯ ದಂಡೆಯಲ್ಲಿ ವಿಜಯನಗರದ ಅರಸರ ಕಾಲದಿಂದ ಉಳಿದು ಬಂದ, ಸಿರುಗುಪ್ಪ ಮತ್ತು ದೇಶನೂರು ಕಾಲುವೆಗಳನ್ನೂ ಒಳಗೊಂಡ ಕಾಲುವೆಗಳ ಮಾಲೆಯ ವಿವೇಕವೂ ಇದಕ್ಕೆ ತೀರ ಸಮೀಪವಾದುದು. ದೊಡ್ಡ ಬಂಡೆಗಳನ್ನು ಜೋಡಿಸಿದ ತಗ್ಗು ಒಡ್ಡುಗಳು, ಅಂದರೆ ಆಣೆಕಟ್ಟೆಗಳು, ನೀರನ್ನು ಕೂಡಿಡದೆ ಕಾಲುವೆಯ ಬಾಯಿಗೆ ತಿರುಗಿಸುತ್ತವೆ, ಮಿಕ್ಕ ನೀರು ಅವುಗಳ ನೆತ್ತಿಯ ಮೇಲೆ ಹಾದುಹೋಗುತ್ತದೆ. ಸಿರುಗುಪ್ಪ ಸೀಮೆಯ ಭತ್ತದ ಬೇಸಾಯ ಮೊದಲು ನೆಲೆಯೂರಿದ್ದು ಈ ನೀರಿನ ಮೇಲೆಯೇ.

1800ರಿಂದ ಮದ್ರಾಸಿನ ಆಡಳಿತದಲ್ಲಿದ್ದ ಈ ಸೀಮೆ 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಸೇರಿತು. ಅದೇ ವರ್ಷ ಹೊಸಪೇಟೆಯ ಬಳಿ ತುಂಗಭದ್ರೆಗೆ ಕಟ್ಟಿದ ಜಲಾಶಯದಿಂದ ನೀರು ಹರಿಯತೊಡಗಿದುದು ಕಾಲುವೆಗಳ ಪಾಲಿಗೆ ಅದಕ್ಕಿಂತ ದೊಡ್ಡ ಬದಲಾವಣೆ. ಹಿಂದೆ ನದಿಯ ಸಹಜ ಹರಿವನ್ನೇ ನಂಬಿದ್ದ ಕೆಳದಂಡೆಯ ಕಾಲುವೆಗಳು ಮೇಲಿನಿಂದ ಬಿಡುವ ನೀರನ್ನು ಕಾಯುವಂತಾಯಿತು. ದುಜಿಯಾಂಗ್ಯಾನಿಗೂ ಇದೇ ಸ್ಥಿತಿ ಬಂದಿದೆ: ಅದರ ಮೇಲುಹೊಳೆಯಲ್ಲಿ ಜಿಪಿಂಗ್ಪು ಅಣೆಕಟ್ಟು 2006ರಲ್ಲಿ ಪೂರ್ಣಗೊಂಡಿತು. ಸೋದರತ್ವದ ಮಾತು ಬಂದಾಗಲೆಲ್ಲ ಮಾಹಿತಿ ತಂತ್ರಜ್ಞಾನವೇ ಮುಂದೆ ನಿಲ್ಲುತ್ತದೆ; ಆದರೆ ಹೊಸ ಜಲಾಶಯದ ಕೆಳಗೆ ಹಳೆಯ ಕಾಲುವೆಯ ನೀರಿನ ಹಕ್ಕನ್ನು ಕಾಪಾಡುವುದು ಹೇಗೆ, ಹೂಳನ್ನು ಯಾರು ಯಾವಾಗ ತೆಗೆಯಬೇಕು ಎಂಬ ಪ್ರಶ್ನೆಗಳನ್ನು ಸಿಚುವಾನಿನ ನೀರಾವರಿ ಎಂಜಿನಿಯರುಗಳೊಂದಿಗೆ ಚರ್ಚಿಸಲು ದೇಶನೂರಿನ ರೈತರಿಗಿಂತ ಹೆಚ್ಚು ಅರ್ಹರು ಕರ್ನಾಟಕದಲ್ಲಿ ವಿರಳ.